ಮಾತ್ರೆಯ ಅಂಚು ಕತ್ತರಿಸಿದ ಅಡಕತ್ತರಿ

ಹದಿನೈದು ದಿನಕ್ಕೆಂದು ಕೊಟ್ಟ ನಿದ್ದೆ ಮಾತ್ರೆಯನ್ನು ಡಾಕ್ಟರೊಬ್ಬರು ದಾಕ್ಷಾಯಿಣಿ ಟೀಚರಿಗೆ ಒಂಬತ್ತು ವರ್ಷ ನುಂಗಿಸಿದರು. ಬಿಡುವ ದಾರಿ ಹೇಳಲೇ ಇಲ್ಲ. ಟೀಚರು ಒಮ್ಮೆ ತಾವಾಗಿಯೇ ದಿಢೀರನೆ ಬಿಟ್ಟರು. ಮೂರು ದಿನ ಕೈ ನಡುಗಿ, ಎದೆ ಹೊಡೆದುಕೊಂಡು, ಮತ್ತೆ ನುಂಗಿದರು.

"ನೋಡಿದೆಯಾ? ನಾನಿಲ್ಲದೆ ಅವಳಿಲ್ಲ," ಎಂದು ಮಾತ್ರೆ ಅಡಕತ್ತರಿಯೆದುರು ಬೀಗಿತು.

"ನಿನ್ನನ್ನು ಸ್ವಲ್ಪ ಸ್ವಲ್ಪವೇ ಇಳಿಸಲು ಹೊಸ ಡಾಕ್ಟರು ಚೀಟಿ ಬರೆದಿದ್ದಾರೆ ಕಣೋ. ಈ ತಿಂಗಳು ನಿನ್ನ ಅಂಚು ಕತ್ತರಿಸುತ್ತೇನೆ."

"ಬರೀ ಅಂಚಾ? ಹೋಗಿ ಅಡಿಕೆ ಕತ್ತರಿಸು! ಅಷ್ಟಕ್ಕೆಲ್ಲ ನಾನು ಸಾಯುವುದಿಲ್ಲ."

"ಅಷ್ಟಕ್ಕೆ ಟೀಚರೂ ಸಾಯುವುದಿಲ್ಲ!"

ಕಟ್! ತಿಂಗಳು ತಿಂಗಳೂ ಒಂದು ಚೂರು ಹೋಯಿತು. ಯುಗಾದಿಗೆ ಮಾತ್ರೆ ಅರ್ಧವಾಯಿತು, ದೀಪಾವಳಿಗೆ ಸಾಸಿವೆಯಷ್ಟಾಯಿತು. ಆಮೇಲೆ ಬೀಗಲು ಯಾರೂ ಉಳಿಯಲಿಲ್ಲ. ಟೀಚರು ಮಲಗಿದರು, ನಿದ್ದೆ ತಾನಾಗಿಯೇ ಬಂತು!

ನೀನೂ ಇಂಥ ಮಾತ್ರೆ ನುಂಗುತ್ತಿದ್ದೀಯಾ? ನೀನಾಗಿ ಬಿಡಬೇಡ. ನಾಳೆಯೇ ಡಾಕ್ಟರ ಮುಂದೆ ಕೂರು. ಇಳಿಸುವ ದಾರಿ ಬರೆದುಕೊಡುವ ತನಕ ಏಳಬೇಡ!