ಆನೆಬಾಗಿಲ ಮುಂದೆ ನಿಂತವನು

ನಂಬುವವರು ನಂಬಬಹುದು. ನಂಬದವರು ಕಥೆ ಮುಗಿಯುವ ತನಕ ಬಾಯಿಗೊಂದು ಎಲೆಯಡಿಕೆ ಹಾಕಿಕೊಂಡು ಸುಮ್ಮನಿದ್ದರೆ ಸಾಕು. ಪಂಪಾಪತಿ ಗುರುಗಳಂಥ ಫೋಟೋಗ್ರಾಫರು ಹೊಳೆಯ ಈಚೆ ದಡದಲ್ಲೂ ಇರಲಿಲ್ಲ, ಆಚೆ ದಡದಲ್ಲೂ ಇರಲಿಲ್ಲ.

ಅವರು ತೆಗೆಯುತ್ತಿದ್ದುದು ಕಟ್ಟಡಗಳ ಫೋಟೋ ಮಾತ್ರ. ಕೋಟೆ, ಗುಡಿ, ಬಸದಿ, ದರ್ಗಾ, ಹಳೇ ಛತ್ರ. ಊರೂರು ತಿರುಗಿ ಅದನ್ನೇ ಮಾಡಿ ಹೊಟ್ಟೆ ಹೊರೆದವರು. ಯಾರಾದರೂ ಮದುವೆ ಫೋಟೋಕ್ಕೆ ಕರೆದರೆ ಹೋಗಿ, ಊಟ ಮಾಡಿ, ಛತ್ರದ ಕಂಬದ ಫೋಟೋ ತೆಗೆದುಕೊಂಡು ಬರುತ್ತಿದ್ದರು.

ಅವರು ಕ್ಯಾಮೆರಾ ನಿಲ್ಲಿಸಿದರೆ ವಾಲಿದ ಗೋಪುರವೂ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿತ್ತಂತೆ. ಒಮ್ಮೆ ಒಂದು ಗುಡಿ ಅವರನ್ನು ಕಂಡು ಎಷ್ಟು ಗಡಬಡಿಸಿ ನೆಟ್ಟಗಾಯಿತೆಂದರೆ, ಮೇಲೆ ಕೂತಿದ್ದ ಪಾರಿವಾಳಗಳೆಲ್ಲ ಜಾರಿ ಬಿದ್ದವು. ಪಾರಿವಾಳಗಳು ಇವತ್ತಿನವರೆಗೂ ಇದನ್ನು ಅಲ್ಲಗಳೆದಿಲ್ಲ.

ಹೊಳೆದಂಡೆಯ ಒಂದು ಕಲ್ಲುಮಂಟಪವೇ ಅವರ ಆಶ್ರಮ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಡಾರ್ಕ್‌ರೂಮು. ಉಳಿದ ಜಾಗದಲ್ಲಿ ಇಬ್ಬರು ಶಿಷ್ಯರು.

ಹಿರಿಯವನು ಕೊಟ್ರೇಶ. ಕಿರಿಯವನು ಇಂದುಧರ.

ಕೊಟ್ರೇಶ ಬಂದಾಗ ಗುರುಗಳ ಗಡ್ಡ ಇನ್ನೂ ಕಪ್ಪಗಿತ್ತು. ಅವರ ಕ್ಯಾಮೆರಾ ಪೆಟ್ಟಿಗೆ ಹೊತ್ತು ಅವನು ಹತ್ತದ ಬೆಟ್ಟವಿಲ್ಲ, ಇಳಿಯದ ಕಂದಕವಿಲ್ಲ. ಅವನು ಫೋಟೋ ತೋರಿಸಿದಾಗಲೆಲ್ಲ ಗುರುಗಳು "ನೋಡಿದೆ" ಅನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಮಾತು ಅವರ ಬಾಯಲ್ಲಿ ಇಲ್ಲವೆಂದೇ ಕೊಟ್ರೇಶ ನಂಬಿದ್ದ.

ಇಂದುಧರ ಮೊನ್ನೆ ಮೊನ್ನೆ ಬಂದವನು. ಅವನು ತನ್ನ ಮೊದಲ ಫೋಟೋ ತೋರಿಸಿದಾಗ ಗುರುಗಳು ಏನೂ ಅನ್ನಲಿಲ್ಲ. ಕನ್ನಡಕ ತೆಗೆದರು, ಪಂಚೆಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡು ಇನ್ನೊಂದು ಸಲ ನೋಡಿದರು.

ಆ ಇನ್ನೊಂದು ಸಲ ನೋಡಿದ್ದೇ ಕೊಟ್ರೇಶನ ಹೊಟ್ಟೆಗೆ ಕಿಚ್ಚು ಹಚ್ಚಿತು.

ಎಂಥ ಕಿಚ್ಚು ಅಂತೀರಿ. ಅವನು ಅಂಗಾತ ಮಲಗಿದರೆ ಹೊಟ್ಟೆಯ ಮೇಲೆ ರೊಟ್ಟಿ ಬೇಯಿಸಬಹುದಿತ್ತು. ಆ ವರ್ಷ ಆಶ್ರಮಕ್ಕೆ ಸೌದೆ ತರುವ ಕೆಲಸವೇ ಬೀಳಲಿಲ್ಲ.

ಇಂದುಧರ ಕೂತರೆ ಯಾಕೆ ಕೂತ, ಎದ್ದರೆ ಯಾಕೆ ಎದ್ದ, ನಕ್ಕರೆ ಯಾರನ್ನು ನೋಡಿ ನಕ್ಕ, ಇದೇ ಕೊಟ್ರೇಶನ ಹಗಲಿನ ಕೆಲಸವಾಯಿತು. ಗುರುಗಳು ಇಂದುಧರನ ತಟ್ಟೆಗೆ ಒಂದು ಸೌಟು ಸಾರು ಹೆಚ್ಚು ಬಡಿಸಿದರೆ ಕೊಟ್ರೇಶನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಡಿಮೆ ಬಡಿಸಿದರೂ ಇಳಿಯುತ್ತಿರಲಿಲ್ಲ. ಏನೋ ಗುಟ್ಟಾಗಿ ಆಮೇಲೆ ಕೊಡುತ್ತಾರೆ ಅಂದುಕೊಳ್ಳುತ್ತಿದ್ದ.

ಕೊನೆಗೆ ಒಂದು ಬೆಳಿಗ್ಗೆ ತಡೆಯಲಾರದೆ ಕೇಳಿಯೇ ಬಿಟ್ಟ. ಗುರುಗಳು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು.

"ಗುರುಗಳೇ, ನಮ್ಮಿಬ್ಬರಲ್ಲಿ ಯಾರ ಕಣ್ಣು ಚೆನ್ನಾಗೈತೆ?"

"ಇಬ್ಬರಿಗೂ ಎರಡೆರಡು ಅವೆ," ಅಂದರು ಗುರುಗಳು. "ನಿಂದು ಎರಡೂ ಅವನ ಮೇಲೇ ಅವೆ."

ಕೊಟ್ರೇಶನಿಗೆ ಮೊದಲ ಮಾತು ಮಾತ್ರ ಕೇಳಿಸಿತು. ತನಗೂ ಅವನಿಗೂ ಸಮ ಅಂದರಲ್ಲ ಅಂತ ಇನ್ನಷ್ಟು ಉರಿದುಕೊಂಡ.

ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಯಾವ ಕಟ್ಟಡದ ಫೋಟೋ ತೆಗೆದರೂ ಅದರ ಬುಡದಲ್ಲಿ ಒಬ್ಬ ಮನುಷ್ಯ ನಿಲ್ಲಬೇಕು. ಪಕ್ಕದಲ್ಲಿ ಮನುಷ್ಯನಿಲ್ಲದಿದ್ದರೆ ಚಿತ್ರದಲ್ಲಿರುವ ಕಂಬ ಬೊಂಬೆಮನೆಯದೋ ಅರಮನೆಯದೋ ನೋಡುವವನಿಗೆ ಹೇಗೆ ತಿಳಿಯಬೇಕು ಅಂತ ಗುರುಗಳ ವಾದ. ಇದಕ್ಕೆ 'ಅಳತೆ ನಿಲ್ಲೋದು' ಅಂತ ಹೆಸರು. ಒಬ್ಬ ಶಿಷ್ಯ ಫೋಟೋ ತೆಗೆದರೆ ಇನ್ನೊಬ್ಬ ಅಳತೆ ನಿಲ್ಲುತ್ತಿದ್ದ.

ಹೀಗಿರುವಾಗ ಪಟ್ಟಣದಿಂದ ಪ್ರಕಾಶಕರು ಗೋವರ್ಧನರಾಯರು ಬಂದರು. ನಾಡಿನ ಹಳೇ ಕೋಟೆಬಾಗಿಲುಗಳ ಮೇಲೆ ಒಂದು ದೊಡ್ಡ ಪುಸ್ತಕ ಮಾಡಬೇಕು, ಒಂದು ವರ್ಷ ಊರೂರು ತಿರುಗಿ ಫೋಟೋ ತೆಗೆಯಬೇಕು, ಹೊದಿಕೆಯ ಮೇಲೆ ತೆಗೆದವರ ಹೆಸರು ಹಾಕುತ್ತೇವೆ ಅಂದರು. ಗುರುಗಳು ತಮ್ಮ ಮಂಡಿ ತೋರಿಸಿ, ಇದು ಇನ್ನು ಬೆಟ್ಟ ಹತ್ತುವುದಿಲ್ಲ, ಇಬ್ಬರು ಶಿಷ್ಯರಲ್ಲಿ ಒಬ್ಬನನ್ನು ನೀವೇ ಆರಿಸಿಕೊಳ್ಳಿ ಅಂದರು.

ಪರೀಕ್ಷೆಯೂ ಗೊತ್ತಾಯಿತು. ಹುಲಿಗುಡ್ಡದ ಕೋಟೆಯ ಆನೆಬಾಗಿಲಿಗೆ ಇಬ್ಬರೂ ಹೋಗಬೇಕು. ಗುರುಗಳ ಹಳೇ ಪೆಟ್ಟಿಗೆ ಕ್ಯಾಮೆರಾ ಒಂದೇ. ಫಿಲ್ಮು ತಲೆಗೊಂದು. ಒಬ್ಬ ತೆಗೆಯುವಾಗ ಇನ್ನೊಬ್ಬ ಅಳತೆ ನಿಲ್ಲಬೇಕು.

ಬಸ್ಸಿನಲ್ಲಿ ಕೊಟ್ರೇಶ ಕ್ಯಾಮೆರಾವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿ ಪಕ್ಕ ಕೂತ. ಇಬ್ಬರ ಬುತ್ತಿಯನ್ನೂ ಇಂದುಧರ ಹೊತ್ತ. ಬುತ್ತಿ ಹೊತ್ತು ಒಳ್ಳೆಯವನು ಅನ್ನಿಸಿಕೊಳ್ಳುತ್ತಾನೆ ನೋಡು, ಅಂತ ಕೊಟ್ರೇಶ ದಾರಿಯುದ್ದಕ್ಕೂ ಕಿಟಕಿಗೆ ಹೇಳಿದ.

ಆ ಬಾಗಿಲಿನ ಎತ್ತರ ಏನು ಹೇಳಲಿ. ಅದರೊಳಗೆ ಆನೆ ಅಂಬಾರಿ ಸಮೇತ ಹೋಗುವಾಗ ಅಂಬಾರಿಯಲ್ಲಿ ಕೂತವನು ಎದ್ದು ನಿಂತು ಮೈಮುರಿದರೂ ಕೈಗೆ ಕಮಾನು ತಾಗುತ್ತಿರಲಿಲ್ಲ. ಕಮಾನಿನ ಕೆಳಗಿನ ಕಾಗೆಗಳಿಗೆ ಮೇಲಿನ ಕಾಗೆಗಳ ಪರಿಚಯವೇ ಇರಲಿಲ್ಲ.

ಮೊದಲು ಕೊಟ್ರೇಶನ ಸರದಿ. ಇಂದುಧರ ಓಡಿಹೋಗಿ ಬಾಗಿಲ ಬುಡದಲ್ಲಿ, ಗೋಡೆಗೆ ಬೆನ್ನು ತಾಗಿಸಿ ನಿಂತ. ಕೈ ಕಟ್ಟಿಕೊಂಡು, ಉಸಿರು ಹಿಡಿದು, ಗೋಡೆಗೆ ಹೊಡೆದ ಮೊಳೆಯ ಹಾಗೆ ಅಲುಗಾಡದೆ ನಿಂತ. ಕೊಟ್ರೇಶ ಬಟನ್ ಒತ್ತಿದ.

ಆಮೇಲೆ ಇಂದುಧರನ ಸರದಿ.

ಆ ಹಳೇ ಕ್ಯಾಮೆರಾದ ರೀತಿಯೇ ಬೇರೆ. ತೆಗೆಯುವವನು ಕರಿಬಟ್ಟೆಯೊಳಗೆ ತಲೆ ಹಾಕಿ ಹಿಂದಿನ ಗಾಜಿನಲ್ಲಿ ಚಿತ್ರ ನೋಡಿ ಎಲ್ಲ ಸರಿಮಾಡಿಕೊಳ್ಳಬೇಕು. ಆದರೆ ಫಿಲ್ಮು ಹಾಕಿದ ಮೇಲೆ ಗಾಜು ಮುಚ್ಚಿಹೋಗುತ್ತದೆ. ಆಮೇಲೆ ಬಟ್ಟೆಯಿಂದ ಹೊರಗೆ ಬಂದು, ಬೆಳಕು ಬರುವುದನ್ನು ಕಾದು, ಒತ್ತಬೇಕು.

ಇಂದುಧರ ಗಾಜಿನಲ್ಲಿ ನೋಡಿದ. ಬಾಗಿಲ ಬುಡದಲ್ಲಿ ಕೊಟ್ರೇಶ ಇರುವೆಯಷ್ಟಿದ್ದ. ಸರಿ ಅಂತ ಫಿಲ್ಮು ಹಾಕಿದ. ಅಷ್ಟರಲ್ಲಿ ಸೂರ್ಯನಿಗೆ ಒಂದು ಮೋಡ ಅಡ್ಡ ಬಂತು. ಇಂದುಧರ ಬಟನ್ನಿನ ಮೇಲೆ ಬೆರಳಿಟ್ಟು, ತಲೆಯೆತ್ತಿ, ಮೋಡವನ್ನೇ ನೋಡುತ್ತ ನಿಂತ.

ಅವನ ಮುಖದಲ್ಲಿ ಎಂಥ ಹಿಗ್ಗಿತ್ತೆಂದರೆ, ಅಷ್ಟು ದೂರದಿಂದ ಕೊಟ್ರೇಶನ ಕಣ್ಣಿಗೆ ಅದು ಚುಚ್ಚಿತು. ಈ ಹುಡುಗನಿಗೆ ಇದೆಲ್ಲ ಇಷ್ಟು ಸುಲಭವೇ? ನಾನು ಗುರುಗಳ ಗಡ್ಡ ನರೆಯುವಷ್ಟು ವರ್ಷ ಪೆಟ್ಟಿಗೆ ಹೊತ್ತದ್ದು ಇವನು ಮೋಡ ನೋಡಿಕೊಂಡು ಗೆಲ್ಲಲಿ ಅಂತಲೇ?

ಕಾಲು ತಾನಾಗಿಯೇ ಮುಂದೆ ಬಂತು. ಬಾಗಿಲಿಗೂ ಕ್ಯಾಮೆರಾಕ್ಕೂ ನಡುವೆ ಒಂದು ಬಿದ್ದ ಕಲ್ಲುಚಪ್ಪಡಿ ಇತ್ತು. ಕೊಟ್ರೇಶ ಬೆಕ್ಕಿನಂತೆ ಬಂದು, ಎಲ್ಲಿ ನಿಂತಿದ್ದಾನೆಂದು ಚಿತ್ರದಲ್ಲಿ ತಿಳಿಯದಿರಲಿ ಅಂತ ಕಾಲು ಕಾಣದ ಹಾಗೆ ಅದರ ಹಿಂದೆ ನಿಂತ. ಎದೆ ಉಬ್ಬಿಸಿದ.

ಮೋಡ ಸರಿಯಿತು, ಬೆಳಕು ಬಿತ್ತು, ಇಂದುಧರ ಒತ್ತಿದ. ಅವನು ಕಣ್ಣಿಳಿಸಿ ಕ್ಯಾಮೆರಾದಿಂದ ಫಿಲ್ಮು ತೆಗೆಯುವಷ್ಟರಲ್ಲಿ ಕೊಟ್ರೇಶ ಮರಳಿ ಬಾಗಿಲ ಬುಡದಲ್ಲಿದ್ದ.

ಆಶ್ರಮಕ್ಕೆ ಬಂದು ಫಿಲ್ಮು ತೊಳೆದು, ಎರಡು ಪ್ರಿಂಟು ಹಾಕಿ, ಹಗ್ಗಕ್ಕೆ ತೂಗುಹಾಕಿದರು.

ಕೊಟ್ರೇಶನ ಚಿತ್ರದಲ್ಲಿ ಬಾಗಿಲು ಆಕಾಶಕ್ಕೆ ಎದ್ದಿತ್ತು. ಬುಡದಲ್ಲಿ ಒಂದು ಚುಕ್ಕೆ, ಅದು ಇಂದುಧರ. ಇಂದುಧರನ ಚಿತ್ರದಲ್ಲಿ ಕೊಟ್ರೇಶ ಜಟ್ಟಿಯ ಹಾಗೆ ನಿಂತಿದ್ದ. ಅವನ ಬೆನ್ನ ಹಿಂದಿನ ಬಾಗಿಲಿನಲ್ಲಿ ಆನೆ ಇರಲಿ, ಗಟ್ಟಿಮುಟ್ಟಾದ ಹೋತವೂ ಬಗ್ಗಿಯೇ ಹೋಗಬೇಕಿತ್ತು.

ಗೋವರ್ಧನರಾಯರು ನಗು ತಡೆಯಲಾರದೆ, ಇದು ಕೋಟೆಬಾಗಿಲೋ ಕುರಿದೊಡ್ಡಿಯೋ ಅಂತ ಕೇಳಿದರು. ಆಮೇಲೆ ಕೊಟ್ರೇಶನ ಬೆನ್ನು ತಟ್ಟಿ, ಪುಸ್ತಕ ನಿಮ್ಮದೇ ಅಂದರು. ಊರಿನ ಪ್ರವಾಸಿ ಮಂದಿರದಲ್ಲಿ ಇರುತ್ತೇನೆ, ನಾಳೆ ಬಂದು ಮಾತಾಡಿ ಅಂತ ಹೇಳಿ ಹೋದರು.

ಇಂದುಧರ ತನ್ನ ಚಿತ್ರದ ಮುಂದೆ ತುಂಬಾ ಹೊತ್ತು ನಿಂತಿದ್ದ.

"ಅಣ್ಣ, ಗಾಜಿನಲ್ಲಿ ನೋಡಿದಾಗ ನೀನು ಇರುವೆ ಥರ ಇದ್ದೆ," ಅಂದ. "ನನ್ನ ಕಣ್ಣೇ ಸರಿ ಇಲ್ಲ ಅನ್ಸುತ್ತೆ. ಮಾವನ ಬಳೆ ಅಂಗಡಿಗೆ ವಾಪಸ್ ಹೋಗ್ತೀನಿ. ಈ ಕೆಲಸ ನಂಗಲ್ಲ."

ಕೊಟ್ರೇಶ ಬಯಸಿದ್ದೆಲ್ಲ ಒಂದೇ ದಿನ ಕೈಗೆ ಬಂದಿತ್ತು. ಪುಸ್ತಕ ಅವನದು, ಹೆಸರು ಅವನದು, ಇನ್ನು ಗುರುಗಳೂ ಅವನೊಬ್ಬನವರೇ. ಆದರೂ ಹೊಟ್ಟೆಯ ಒಲೆ ಆರಲಿಲ್ಲ. ಸೋತರೂ ಇವನಿಗೆ ನನ್ನ ಮೇಲೆ ಅನುಮಾನ ಬರಲಿಲ್ಲವಲ್ಲ ಅಂತ ಅದಕ್ಕೂ ಕರುಬಿದ.

ಸಂಜೆ ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತು ಅವನನ್ನು ಕರೆದರು. ಎರಡೂ ಚಿತ್ರ ಅವರ ತೊಡೆಯ ಮೇಲಿದ್ದವು.

"ಈ ದೊಡ್ಡ ಬಾಗಿಲು ತೆಗೆದವರು ಯಾರು?"

"ನಾನು, ಗುರುಗಳೇ."

"ಈ ಸಣ್ಣ ಬಾಗಿಲು?"

"ಇಂದುಧರ."

"ನೀನು ಹೇಳ್ತಿರೋದು ಬಟನ್ ಒತ್ತಿದವರ ಹೆಸರು. ನಾನು ಕೇಳಿದ್ದು ತೆಗೆದವರನ್ನ."

ಕೊಟ್ರೇಶ ಹೊಳೆ ನೋಡಿದ. ಹೊಳೆ ಅವನ ಸಹಾಯಕ್ಕೆ ಬರಲಿಲ್ಲ.

ಗುರುಗಳು ಸಣ್ಣ ಬಾಗಿಲಿನ ಚಿತ್ರವನ್ನು ಕಣ್ಣ ಹತ್ತಿರ ಹಿಡಿದರು.

"ಇದರಲ್ಲಿ ನಿನ್ನ ಕಾಲು ಎಲ್ಲಿ?"

"ಕಲ್ಲಿನ ಹಿಂದೆ ಅವೆ."

"ಯಾವ ಕಲ್ಲು?"

"ಬಾಗಿಲ ಹತ್ರ ಒಂದು ಚಪ್ಪಡಿ ಬಿದ್ದೈತಲ್ಲ, ಅದು."

"ಆ ಚಪ್ಪಡಿ ಮೇಲೆ ಕೂತು ಎಷ್ಟೋ ಸಲ ಬುತ್ತಿ ಉಂಡಿದೀನಿ," ಅಂದರು ಗುರುಗಳು. "ಬಾಗಿಲ ಕಾವಲಿನವನ ಹತ್ರ ನೀರು ಕೇಳಬೇಕಂದ್ರೆ ಎದ್ದು ನಡೀಬೇಕಿತ್ತು. ಕೂಗಿದ್ರೆ ಕೇಳ್ತಿರಲಿಲ್ಲ."

ಅಷ್ಟು ಹೇಳಿ ಅವರು ಚಿತ್ರಗಳನ್ನು ಮೆಟ್ಟಿಲ ಮೇಲಿಟ್ಟು, ಕಾಲು ತೊಳೆದುಕೊಂಡು ದೀಪ ಹಚ್ಚಲು ಹೋದರು. ಬೈದಿದ್ದರೆ ಕೊಟ್ರೇಶ ತಿರುಗಿ ಏನಾದರೂ ಹೇಳಬಹುದಿತ್ತು.

ಅವನು ಎರಡೂ ಚಿತ್ರಗಳನ್ನು ಕೈಗೆತ್ತಿಕೊಂಡ. ಒಂದರಲ್ಲಿ ಇಂದುಧರನ ಮುಖವೇ ಕಾಣುತ್ತಿರಲಿಲ್ಲ, ಬಾಗಿಲು ಮಾತ್ರ ಕಾಣುತ್ತಿತ್ತು. ಇನ್ನೊಂದರಲ್ಲಿ ಕೊಟ್ರೇಶನ ಸ್ವಂತ ಮುಖ ರೆಪ್ಪೆ ಎಣಿಸುವಷ್ಟು ಚೊಕ್ಕವಾಗಿತ್ತು. ಕ್ಯಾಮೆರಾದ ಹಿಂದೆ ನಿಂತವನನ್ನು ಅದು ಹೇಗೆ ನೋಡುತ್ತಿತ್ತೆಂದರೆ, ಆ ಮುಖ ಕಂಡವರಿಗೆ ಬಾಗಿಲು ನೋಡುವ ಮನಸ್ಸೇ ಬರುತ್ತಿರಲಿಲ್ಲ.

ಒಳಗೆ ಇಂದುಧರ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದ. ಕೊಟ್ರೇಶ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಮೋಡ, ಚಪ್ಪಡಿ, ಬೆಕ್ಕಿನ ನಡಿಗೆ, ಯಾವುದನ್ನೂ ಬಿಡಲಿಲ್ಲ. ನಿನ್ನ ಕಣ್ಣು ಸರಿಯಾಗೇ ಇದೆ, ಇರುವೆ ಇರುವೆಯೇ ಆಗಿತ್ತು, ಹೊಟ್ಟೆಕಿಚ್ಚಿಗೆ ಹುಲಿಯಾಗಲು ಹೋಯಿತು ಅಂದ.

ಇಂದುಧರ ಕೈಯಲ್ಲಿದ್ದ ಅಂಗಿಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಅವತ್ತು ನಿನ್ನ ಬುತ್ತೀನೂ ನಾನೇ ಹೊತ್ತಿದ್ನಲ್ಲೋ ಅಣ್ಣ," ಅಂದ.

ಅವತ್ತು ಅವನು ಊಟಕ್ಕೂ ಬರಲಿಲ್ಲ. ಗೋಡೆ ಕಡೆ ತಿರುಗಿ ಮಲಗಿಬಿಟ್ಟ.

ಬೆಳಿಗ್ಗೆ ಎದ್ದವನೇ ಕೊಟ್ರೇಶ ಪ್ರವಾಸಿ ಮಂದಿರಕ್ಕೆ ನಡೆದ. ಪುಸ್ತಕ ಇಂದುಧರನಿಗೆ ಸಲ್ಲಬೇಕು, ನೀವು ಮೆಚ್ಚಿದ ಬಾಗಿಲು ದೊಡ್ಡದಾಗಿ ಕಂಡದ್ದು ಅವನು ನಿಂತ ರೀತಿಯಿಂದ, ಅವನ ಬಾಗಿಲು ಕೆಟ್ಟದ್ದು ನಾನು ನಿಂತ ರೀತಿಯಿಂದ ಅಂತ ರಾಯರಿಗೆ ಹೇಳಿದ. ರಾಯರು ಮೊದಲು ತಮಾಷೆ ಅಂದುಕೊಂಡು ನಕ್ಕರು. ಅವನ ಮುಖ ನೋಡಿ ನಗು ನಿಲ್ಲಿಸಿ, ಸರಿ, ಅವನಿಗೇ ಆಗಲಿ ಅಂದರು.

ವಾಪಸ್ ಬಂದು ಕೊಟ್ರೇಶ ತನ್ನ ಗಂಟು ಕಟ್ಟಿದ. ಗುರುಗಳು ಮಂಟಪದ ಕಂಬಕ್ಕೆ ಒರಗಿ ಬಿಸಿಲು ಕಾಯಿಸುತ್ತಿದ್ದರು.

"ಎಲ್ಲಿಗೆ ಹೊರಟೆ?"

"ಗೊತ್ತಿಲ್ಲ ಗುರುಗಳೇ. ಇಲ್ಲಿ ಇರೋಕೆ ಮುಖ ಇಲ್ಲ."

"ರಾಯರ ಆಳು ಆಗಲೇ ಸೈಕಲ್ ಮೇಲೆ ಬಂದು ಹೇಳಿ ಹೋದ. ಪುಸ್ತಕ ಇಂದುಧರನಿಗೆ ಆಯ್ತು. ಊರೂರು ತಿರುಗೋಕೆ ಅವನಿಗೆ ಒಬ್ಬ ಅಳತೆ ನಿಲ್ಲೋನು ಬೇಕಲ್ಲ. ಯಾರಾಗಬಹುದು ಅಂತ ಇಂದುಧರನನ್ನೇ ಕೇಳಿದೆ."

"ಯಾರು ಅಂದ?"

"ನಿನ್ನ ಹೆಸರು ಹೇಳಿದ. ಹೇಳಿ ಬೈದ. ಬೈದು ಮತ್ತೆ ನಿನ್ನ ಹೆಸರೇ ಹೇಳಿದ."

ಕೊಟ್ರೇಶ ಗಂಟನ್ನು ಕೆಳಗಿಟ್ಟ. ಕಣ್ಣು ತುಂಬಿ ಬಂತು. ಅದೇ ಹೊತ್ತಿಗೆ ಹೊಟ್ಟೆಯಲ್ಲಿ ಒಂದು ಕಿಡಿಯೂ ಹಾರಿತು. ಕ್ಷಮಿಸುವುದರಲ್ಲೂ ಇವನೇ ಮುಂದಾದನಲ್ಲ ಅಂತ. ಆ ಕಿಡಿಯನ್ನು ಕಂಡು ಅವನಿಗೇ ಹೆದರಿಕೆಯಾಯಿತು.

"ಗುರುಗಳೇ, ನನ್ನ ಹೊಟ್ಟೆ ನಂಗೆ ಗೊತ್ತು. ಇನ್ನೊಂದು ಬಾಗಿಲ ಮುಂದೆ ಈ ಕಾಲು ಮತ್ತೆ ಮುಂದೆ ಬಂದ್ರೆ? ನನ್ನ ಮೇಲೆ ಒಂದು ಕಣ್ಣಿಟ್ಟಿರು ಅಂತ ಅವನಿಗೆ ನೀವೇ ಹೇಳಿ."

ಗುರುಗಳು ಬಿಸಿಲಿನ ಕಡೆಗೆ ಮಂಡಿ ಸರಿಸಿಕೊಂಡರು.

"ಅವನು ಮೋಡ ನೋಡ್ತಿರ್ತಾನೆ. ನೀನು ಎಲ್ಲಿ ನಿಂತಿದೀಯ ಅಂತ ನೀನೇ ನೋಡ್ಕೋ."