ನೆತ್ತಿಯಲ್ಲಿ ಏನೂ ಇರಲಿಲ್ಲ

ನದಿಯ ದಡದಲ್ಲೊಂದು ಪ್ರಯೋಗಶಾಲೆ. ಗುರು ಸದಾನಂದಯ್ಯ, ಶಿಷ್ಯೆ ಇಂದುಮತಿ.

ವಿದ್ಯುತ್ತು ಹೊತ್ತು ಓಡುವ ಪರಮಾಣು, ಅಂದರೆ ಅಯಾನು, ಸರಿಯಾಗಿ ಯಾವ ಬಣ್ಣದ ಬೆಳಕಿಗೆ ಓಗೊಡುತ್ತದೆ? ಅದನ್ನು ಕಂಡುಹಿಡಿಯುವುದು ಇಂದುಮತಿಯ ಕೆಲಸ. ನಾಳೆ ವಿದ್ವಾಂಸರ ಮುಂದೆ ಉತ್ತರ ಹೇಳಬೇಕು. ತಪ್ಪಿದರೆ ಇಷ್ಟು ವರ್ಷದ ದುಡಿಮೆ ನೀರಲ್ಲಿ ಮಾಡಿದ ಹೋಮ.

ಅವಳು ಹೆಮ್ಮೆಯಿಂದ ಪರದೆ ತೋರಿಸಿದಳು. ಅಯಾನುಗಳು ಓಗೊಟ್ಟಷ್ಟೂ ಏರುವ ಗೆರೆ ಬೆಟ್ಟದಂತೆ ಎದ್ದಿತ್ತು. ಗೆರೆ ದೊಡ್ಡದಾದರೆ ಸತ್ಯವೂ ದೊಡ್ಡದು ಅಂದುಕೊಳ್ಳುವ ವಯಸ್ಸು.

"ಉತ್ತರ ಎಲ್ಲಿದೆಯಮ್ಮ?"

"ಬೆಟ್ಟದ ನೆತ್ತಿಯಲ್ಲಿ, ಗುರುಗಳೇ."

"ಯಾಕೆ ಇಷ್ಟು ದಪ್ಪ?"

"ಅಯಾನುಗಳ ವೇಗ ಒಂದೇ ಅಲ್ಲವಲ್ಲ. ಎದುರು ಬರುವುದಕ್ಕೆ ಲೇಸರ್ ಒಂದು ಬಣ್ಣವಾಗಿ ಕಾಣುತ್ತದೆ, ದೂರ ಓಡುವುದಕ್ಕೆ ಇನ್ನೊಂದು."

"ಒಂದೇ ವೇಗದವನ್ನು ಆರಿಸುವುದಕ್ಕೆ ಅಂತಲೇ ಇನ್ನೊಂದು ಲೇಸರ್ ಕೊಟ್ಟಿದ್ದೆನಲ್ಲ."

"ಎಲ್ಲ ವೇಗದವೂ ಸಿಗಲಿ ಅಂತ ಅದನ್ನು ಜೋರು ಮಾಡಿದೆ. ಮಂದವಾಗಿಟ್ಟರೆ ಬಹಳಷ್ಟು ಅಯಾನುಗಳು ಬಿಟ್ಟುಹೋಗುತ್ತವೆ. ಬಿಡಲು ಮನಸ್ಸು ಬರಲಿಲ್ಲ."

ಗುರು ಕೈ ಚಾಚಿ ಆ ಲೇಸರನ್ನು ತೀರ ಮಂದ ಮಾಡಿದರು.

ಬೆಟ್ಟ ಕುಸಿಯಿತು. ಪರದೆ ಬರಿದಾಯಿತು.

ಇಂದುಮತಿ ಪರದೆಯತ್ತ ನುಗ್ಗಿದಳು. "ಗುರುಗಳೇ, ನಾಳೆ ಸಭೆ ಇದೆ. ಎಲ್ಲ ಅಳಿಸಿಬಿಟ್ಟಿರಲ್ಲ."

"ಅಯಾನುಗಳು ಅಲ್ಲೇ ಇವೆ. ನಾವು ಕರೆದಿಲ್ಲ, ಅಷ್ಟೆ. ಕೂತುಕೋ."

ಕೂತಳು. ಸಿಟ್ಟಿತ್ತು, ಅಳುವೂ ಇತ್ತು. ಕಿಟಕಿಯಾಚೆ ನದಿ ತನ್ನ ಪಾಡಿಗೆ ಹರಿಯುತ್ತಿತ್ತು.

ಬಹಳ ಹೊತ್ತಿನ ಮೇಲೆ ಪರದೆಯಲ್ಲಿ ಸೂಜಿಯಷ್ಟು ಸಣ್ಣ ಗೆರೆಯೊಂದು ಎದ್ದಿತು. ಅದು ನೆತ್ತಿಯಿದ್ದ ಜಾಗದ ಎಡಕ್ಕಿತ್ತು.

ಏನೋ ಎಡವಟ್ಟಾಗಿದೆ ಅಂದುಕೊಂಡಳು. ಅಷ್ಟರಲ್ಲಿ ಬಲಕ್ಕೆ ಇನ್ನೊಂದು ಎದ್ದಿತು.

ಅಯಾನು ಓಗೊಡುವುದು ಎರಡು ಬಣ್ಣಗಳಿಗೆ; ಎರಡೂ ಹರಡಿ ಒಂದೇ ಬೆಟ್ಟವಾಗಿ ಕಂಡಿದ್ದವು. ನಡುವೆ, ನಾಳೆ ಅವಳು ಬೆರಳಿಟ್ಟು ತೋರಿಸಲಿದ್ದ ಜಾಗದಲ್ಲಿ, ಏನೂ ಇರಲಿಲ್ಲ.

ಇಲ್ಲದ್ದನ್ನು ಇದೆಯೆಂದು ತುಂಬಿದ ಸಭೆಯಲ್ಲಿ ಹೇಳಿಬಿಡುತ್ತಿದ್ದಳು, ಅದೂ ಎದೆ ತಟ್ಟಿಕೊಂಡು.

ಆ ಖಾಲಿ ಜಾಗದ ಮೇಲೆ ಬೆರಳಿಟ್ಟು ನೋಡಿದಳು.

"ಗುರುಗಳೇ," ಅಂದಳು, "ಅಷ್ಟೊಂದು ಅಯಾನುಗಳು ಸೇರಿ ನನಗೆ ಸುಳ್ಳು ಹೇಳಿದವಾ?"

"ಒಂದೂ ಸುಳ್ಳು ಹೇಳಲಿಲ್ಲಮ್ಮ. ಎಲ್ಲವನ್ನೂ ಒಟ್ಟಿಗೆ ಮಾತಾಡಿಸಿದ್ದು ನೀನು."