ಕಿಸೆಯಲ್ಲಿ ಉಳಿದ ಚೆಕ್ಕು

ಹುಬ್ಬಳ್ಳಿಯ ಪಾತ್ರೆ ಅಂಗಡಿಯಲ್ಲಿ ಕಸ್ತೂರೆವ್ವ ಲೆಕ್ಕ ಬರೆಯುತ್ತಿದ್ದಳು. ಐವತ್ತು ಸಾವಿರದ ಬಿಲ್ಲನ್ನು ಹತ್ತು ದಿನದೊಳಗೆ ತೀರಿಸಿದರೆ ಸಾವಿರ ರೂಪಾಯಿ ರಿಯಾಯಿತಿ. ತಡಮಾಡಿದವರಿಗೆ ಅದನ್ನು ಕೊಟ್ಟರೆ ಅವಳ ಸಂಬಳಕ್ಕೇ ಕತ್ತರಿ.

ಹೋಟೆಲ್ ಮಾಲೀಕ ಅಡಿವೆಪ್ಪಗೌಡರು ತಮ್ಮ ಐವತ್ತು ಸಾವಿರದ ಬಿಲ್ಲಿಗೆ ನಲವತ್ತನೇ ದಿನ ಬಂದು ನಲವತ್ತೊಂಬತ್ತು ಸಾವಿರದ ಚೆಕ್ಕನ್ನು ಮೇಜಿಗೆ ಎಸೆದರು.

"ತಾರೀಖು ನೋಡವಾ. ಎಂಟನೇ ದಿನಾನ ಬರದೇನಿ. ಕಿಸೆದಾಗ ಉಳೀತು, ಅಷ್ಟ. ಬರದ್ರ ಕೊಟ್ಟಂಗ! ರಿಯಾಯಿತಿ ಇಲ್ಲಂದ್ರ ನಿನ್ನ ಕೆಲಸಾನ ಬಿಡಸ್ತೀನಿ."

"ಸಿಟ್ಟ್ಯಾಕ್ರೀ ಗೌಡ್ರ?" ಎಂದು ಕಸ್ತೂರೆವ್ವ ಸಾವಿರದ ರಿಯಾಯಿತಿ ಚೀಟಿ ಬರೆದಳು. ಗೌಡರು ಕೈಚಾಚಿದರು. ಅವಳು ಚೀಟಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

"ಇದೇನವಾ?"

"ಬರದೇನಲ್ಲರೀ, ಕೊಟ್ಟಂಗ ಆತು. ಒಂದ ತಿಂಗಳ ನನ್ನ ಕಡೆ ಇರ್ಲಿ. ಈಗ ಬಾಕಿ ಸಾವಿರ ಇಡ್ರಿ."

ಅಂಗಡಿಯೇ ನಕ್ಕಿತು. ಗೌಡರು ಕೆಮ್ಮಿ, ಸಾವಿರ ಎಣಿಸಿಟ್ಟರು.

ಮುಂದಿನ ಬಿಲ್ಲಿಗೆ ಅವರು ಮೂರನೇ ದಿನವೇ ನಗದು ಹಿಡಿದು ಬಂದರು.